ಎರಡು ಬನ್ನಿನ ತೂಕ

ಶವದ ಪೆಟ್ಟಿಗೆ ಬೇಕರಿಯ ಬಾಗಿಲಲ್ಲಿ ಸಿಕ್ಕಿಕೊಂಡಿತು. ಮುಂದೂ ಹೋಗದು, ಹಿಂದೂ ಬಾರದು.

"ಸ್ವಲ್ಪ ಓರೆ ಮಾಡ್ರೋ," ಎಂದ ಸತ್ತವನ ಭಾವಮೈದುನ.

"ಓರೆ ಮಾಡಿದ್ರೆ ಒಳಗಿರೋರು ಬೈತಾರೆ," ಎಂದ ಒಲೆ ನೋಡಿಕೊಳ್ಳುವವನು. "ಹುಟ್ಟಿದಾಗ ಬ್ರೆಡ್ಡಿನ ಅಚ್ಚಲ್ಲಿ ಹಿಡಿಸ್ತಿದ್ದೆ ಅಂತಿದ್ರು. ಈಗ ನೋಡಿ, ಬಾಗಿಲೇ ಸಾಲ್ದು."

ಅಳುತ್ತಿದ್ದವರೂ ನಕ್ಕರು. ಹಿಟ್ಟು ನಾದುತ್ತಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ ಬೇಕರಿಯವನನ್ನು ಬೀದಿಯೆಲ್ಲ ಬನ್ನಣ್ಣ ಎಂದೇ ಕರೆಯುತ್ತಿತ್ತು. ತಿಂಗಳು ತುಂಬಿ ಹುಟ್ಟಿದರೂ ಎರಡು ಬನ್ನಿನ ತೂಕವಿದ್ದೆ, ಅಪ್ಪ ಹತ್ತಿ ಸುತ್ತಿ ಅಚ್ಚಿನಲ್ಲಿಟ್ಟು ಒಲೆಯ ಪಕ್ಕ ಕಾಯಿಸಿದ, ಒಬ್ಬ ಗಿರಾಕಿ ನನ್ನ ಬೆಲೆಯನ್ನೂ ಕೇಳಿದ ಎಂದು ಅವನು ಹೇಳುತ್ತಿದ್ದ ಕತೆ ವರ್ಷವರ್ಷಕ್ಕೂ ಉಬ್ಬುತ್ತಿತ್ತು.

ನಗದೆ ಇದ್ದವಳು ಅವನ ತಾಯಿ ಒಬ್ಬಳೇ. ಹಿಟ್ಟಿನ ಮೂಟೆಗಳ ಪಕ್ಕ ಗೋಡೆಗೊರಗಿ ಕೂತಿದ್ದಳು.

"ನಾನು ಮೂಟೆ ಹೊತ್ತೆ ಕಣೇ," ಎಂದಳು ಮೊಮ್ಮಗಳಿಗೆ. "ಅವನು ಹೊಟ್ಟೇಲಿದ್ದಾಗ. ಬೇಡ ಅಂದ್ರು, ಕೇಳಲಿಲ್ಲ. ಅದಕ್ಕೇ ಅಷ್ಟು ಸಣ್ಣಗೆ ಹುಟ್ಟಿದ. ಅದಕ್ಕೇ ಗುಂಡಿಗೆ ಸೋಲ್ತು."

ಮಗ ಹುಟ್ಟಿದ ದಿನದಿಂದ ಆಕೆ ಭಾರದ್ದೇನನ್ನೂ ಎತ್ತಿದವಳಲ್ಲ. ಮೂಟೆಯ ಹಿಟ್ಟನ್ನು ಲೋಟದಲ್ಲಿ ಮೊಗೆದು ಮೊಗೆದು ಒಯ್ಯುತ್ತಿದ್ದಳು. "ನಮ್ಮಮ್ಮ ಸಮುದ್ರ ಬೇಕಾದ್ರೂ ಲೋಟದಲ್ಲೇ ಸಾಗಿಸ್ತಾಳೆ," ಎಂದು ಅವನು ಗಿರಾಕಿಗಳಿಗೆ ಹೇಳುತ್ತಿದ್ದ.

* * *

ಹೋದ ವರ್ಷ ಬನ್ನಣ್ಣನಿಗೆ ಮೊದಲ ಸಲ ಎದೆನೋವು ಬಂದಾಗ ಮಗಳೇ ಆಸ್ಪತ್ರೆಗೆ ಕರೆದೊಯ್ದಿದ್ದಳು. ಹುಟ್ಟಿದಾಗ ಎಷ್ಟು ತೂಕವಿದ್ದಿರಿ ಎಂದು ಡಾಕ್ಟರು ಕೇಳಿದರು.

"ಎರಡು ಬನ್ನು."

ಡಾಕ್ಟರು ನಕ್ಕು, ಆಮೇಲೆ ನಿಧಾನವಾಗಿ ಹೇಳಿದರು: "ತಾಯಿ ಹೊಟ್ಟೇಲಿ ಆಹಾರ ತಲುಪಿಸೋ ಮಾಸು ಸರಿಯಾಗಿ ಬೆಳೀದಿದ್ರೆ ಮಗೂಗೆ ಆಹಾರ ಕಮ್ಮಿ ಸಿಗುತ್ತೆ. ಗುಂಡಿಗೆ ಆಗಿಂದಾನೇ ಕಷ್ಟಪಟ್ಟು ದುಡೀಬೇಕು. ಅಂಥವರಿಗೆ ದೊಡ್ಡವರಾದ್ಮೇಲೆ ಹೃದಯದ ಕಾಯಿಲೆ ಬರೋದು ಸ್ವಲ್ಪ ಜಾಸ್ತಿ. ನಿಮ್ಮದು ಅದರಿಂದಲೇ ಅಂತ ಹೇಳೋಕಾಗಲ್ಲ. ಸಿಗರೇಟೂ ಇದೆಯಲ್ಲ."

ಅವನು ಮುಂದಕ್ಕೆ ಬಾಗಿದ. "ಅಮ್ಮ ಮೂಟೆ ಹೊತ್ತಿದ್ದಕ್ಕೆ ಮಾಸು ಹಾಳಾಗುತ್ತಾ ಡಾಕ್ಟ್ರೇ?"

"ಮಾಸು ಬೇರು ಬಿಡೋದು ಮೊದಲ ತಿಂಗಳುಗಳಲ್ಲಿ. ಯಾಕೆ ಸರಿಯಾಗಿ ಊರಲ್ಲ ಅಂತ ಎಷ್ಟೋ ಸಲ ನಮಗೂ ಗೊತ್ತಾಗಲ್ಲ. ಅವರ ತಪ್ಪಲ್ಲ ಅಂತ ಹೇಳಿ."

ಮೆಟ್ಟಿಲಿಳಿಯುವಾಗ ಅವನು ಮಗಳ ಕೈ ಹಿಡಿದ. "ನೀನು ಬಾಯಿ ಬಿಡ್ಬೇಡ. ಬರೀ ಹೀಗೆ ಹೇಳಿದ್ರೆ ನಿಮ್ಮಜ್ಜಿ ನಂಬಲ್ಲ. ಒಳ್ಳೆ ಕತೆ ಕಟ್ಟಿ ನಾನೇ ಹೇಳ್ತೀನಿ."

ಕತೆ ಕಟ್ಟುತ್ತಲೇ ವರ್ಷ ಕಳೆಯಿತು.

* * *

ಮೊಮ್ಮಗಳು ಅಜ್ಜಿಯ ಪಕ್ಕ ಕೂತಳು.

"ಅಜ್ಜಿ, ಅಪ್ಪ ನಿಂಗೊಂದು ಕತೆ ಹೇಳ್ಬೇಕು ಅಂತಿದ್ರು. ಹೊಟ್ಟೆಯೊಳಗೆ ಅಪ್ಪಂಗೆ ಬಡಿಸೋನು ಮಾಸು. ಮಹಾ ಸೋಮಾರಿ. ನೀನು ಬುಟ್ಟಿಗಟ್ಟಲೆ ಕಳಿಸಿದ್ರೂ ಅವನು ಚಮಚದಲ್ಲಿ ಹಾಕ್ತಿದ್ದ. ಅಪ್ಪನ ಗುಂಡಿಗೆ ಎಳೆದೂ ಎಳೆದೂ ಆಗ್ಲೇ ದಣಿದಿರಬಹುದು ಅಂದ್ರು ಡಾಕ್ಟ್ರು. ಮೂಟೆ ಅಲ್ಲ ಅಜ್ಜಿ. ನಿನ್ನ ತಪ್ಪಲ್ಲ ಅಂದ್ರು. ನಾನೇ ಕಿವಿಯಾರೆ ಕೇಳಿದೀನಿ."

ಅಜ್ಜಿ ಪಕ್ಕದ ಮೂಟೆಯ ಮೇಲೆ ಕೈಯಿಟ್ಟಳು.

"ಮೂಟೆ ವಿಷಯ ಡಾಕ್ಟ್ರನ್ನ ಅವನೇ ಕೇಳಿದ್ನಾ?"

"ಅದೊಂದನ್ನೇ ಕೇಳಿದ್ದು. ತನ್ನ ವಿಷಯ ಏನೂ ಕೇಳ್ಲಿಲ್ಲ."

"ಸೋಮಾರಿನಾ ಅವನು, ಬಡಿಸೋನು?"

"ಮಹಾ ಸೋಮಾರಿ."

ಅಷ್ಟರಲ್ಲಿ ಒಲೆಯವನು ಬಾಗಿಲಿನ ಒಂದು ಕದವನ್ನೇ ಕಳಚಿ ಗೋಡೆಗೆ ಒರಗಿಸಿದ್ದ. "ಈ ಕಡೆ ಇನ್ನೊಂದು ಕೈ ಬೇಕು," ಎಂದು ಭಾವಮೈದುನ ಕೂಗಿದ.

ಅಜ್ಜಿ ಎದ್ದು, ಬಟ್ಟೆಗೆ ಅಂಟಿದ ಹಿಟ್ಟು ಕೊಡವಿ, ಬಾಗಿಲ ಬಳಿ ಹೋಗಿ ನಿಂತಳು.

"ಅಯ್ಯೋ ನೀವ್ ಬಿಡೀಮ್ಮಾ, ಭಾರ ಇದೆ," ಎಂದ ಭಾವಮೈದುನ.

"ಎರಡು ಬನ್ನು," ಎಂದಳು ಆಕೆ. ಎರಡೂ ಕೈ ಪೆಟ್ಟಿಗೆಯಡಿ ಕೊಟ್ಟು ಎತ್ತಿದಳು.