ಎಡಕ್ಕೆ ಸಾಗಬೇಕಾದ ಹೂಜಿ

ನಮ್ಮ ಮನೆತನದಲ್ಲಿ ಊಟದ ಮೇಜಿನ ಮುಂದೆ ಹಣದ ಮಾತಾಡುವಂತಿಲ್ಲ, ಕಾಯಿಲೆಯ ಮಾತಾಡುವಂತಿಲ್ಲ. ನಮ್ಮ ಮನೆ ಮಾರ್ಲ್‌ಬಿ ಹಾಲ್‌ನ ಸೂರು ಸೋರುವುದು ಇವೆರಡರಲ್ಲಿ ಯಾವುದಕ್ಕೆ ಸೇರುತ್ತದೋ ನಾನರಿಯೆ, ಅದನ್ನೂ ಎತ್ತುವಂತಿಲ್ಲ. ಹಾಗಾಗಿ ಆ ರಾತ್ರಿ ಸೂಪಿನಿಂದ ಪುಡಿಂಗ್‌ವರೆಗೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಹೇಳಲೇಬೇಕಾದ ಮಾತಿತ್ತು. ಅಪ್ಪ ಸತ್ತ ಮೇಲೆ ಲಾರ್ಡ್ ಆದ ನನ್ನ ತಮ್ಮ ಪೆರೆಗ್ರಿನ್, ಅಂದರೆ ನಮ್ಮ ಪೆರಿ, ಮನೆ ಕೆಡವಿಸಿ ಅದರ ಕಲ್ಲು, ಮರ, ಸೂರಿಗೆ ಹೊದಿಸಿದ ಸೀಸದ ತಗಡು ಎಲ್ಲವನ್ನೂ ಮಾರುವ ಯೋಚನೆಯಲ್ಲಿದ್ದ. ಯುದ್ಧ ಮುಗಿದ ಮೇಲೆ ಸುತ್ತಮುತ್ತಲ ದೊಡ್ಡ ಮನೆಯವರೆಲ್ಲ ಅದನ್ನೇ ಮಾಡುತ್ತಿದ್ದರು. ಅವನು ಯುದ್ಧದಲ್ಲಿದ್ದಾಗ ಅಟ್ಟ ಹತ್ತಿ ಸೋರುವಲ್ಲೆಲ್ಲ ಬಕೆಟ್ ಇಟ್ಟವಳು ನಾನು. ಅವನಿಗಿಂತ ದೊಡ್ಡವಳು, ಆದರೆ ಹೆಣ್ಣು. ಒಂದು ಕಲ್ಲಿನ ಮೇಲೂ ಹಕ್ಕಿಲ್ಲ. ಅಲೆದಾಡಿ ಹುಡುಗಿಯರ ಶಾಲೆಯೊಂದನ್ನು ಹುಡುಕಿ, ಮನೆಯನ್ನು ಬಾಡಿಗೆಗೆ ಹಿಡಿಯಲು ಒಪ್ಪಿಸಿ ಬಂದಿದ್ದೆ. ಅಂದು ಲಯೊನೆಲ್ ಚಿಕ್ಕಪ್ಪನೂ ಊಟಕ್ಕಿದ್ದರು. ಅವರು ಹಾಕಿದ ಗೆರೆಯನ್ನು ಪೆರಿ ದಾಟುವುದಿಲ್ಲ.

ಪುಡಿಂಗ್ ಮುಗಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಪೆರಿಯ ಹೆಂಡತಿ ಸೆಲೀನಾ ಕಣ್ಸನ್ನೆ ಮಾಡಿ ಎದ್ದಳು. ಹೆಂಗಸರು ಪಕ್ಕದ ಕೋಣೆಗೆ ಹೋಗಿ ಕಾಫಿ ಕುಡಿಯಬೇಕು. ಗಂಡಸರು ಅಲ್ಲೇ ಕೂತು ಪೋರ್ಟ್ ವೈನ್ ಕುಡಿಯುತ್ತ ಲೋಕದ ವ್ಯವಹಾರ ತೀರ್ಮಾನಿಸಬೇಕು. ಕುರಿಯ ಹಾಗೆ ಅವಳ ಹಿಂದೆ ಹೋದೆ.

"ಕಾಫಿ ಆರ್ತಿದೆ ಕಣೇ ಯೂನಿಸ್. ಗೋಡೆ ಏನು ನೋಡ್ತಿದೀಯ?"

"ಇನ್ನೆಷ್ಟು ದಿನ ಇರುತ್ತೋ ಅಂತ."

"ಹೋದ್ರೆ ಹೋಗ್ಲಿ ಬಿಡು. ಮಲಗೋ ಕೋಣೇಲಿ ನನ್ನ ಮೂಗು ಮಂಜುಗಡ್ಡೆ ಆಗುತ್ತೆ."

ನನಗೆ ಮೈಯೆಲ್ಲ ಉರಿದುಹೋಯಿತು. ಕಪ್ಪು ಕುಕ್ಕಿ ಎದ್ದೆ. "ಅಲ್ಲಿಗೆ ಹೋಗ್ಬಾರದು ಕಣೇ!" ಎಂದು ಅವಳು ಕೂಗುತ್ತಿದ್ದರೂ ಊಟದ ಕೋಣೆಯ ಬಾಗಿಲು ದೂಡಿದೆ.

ಇಬ್ಬರೂ ತಟ್ಟನೆ ಎದ್ದು ನಿಂತರು. ಹೆಂಗಸು ನಿಂತಿರುವಾಗ ಗಂಡಸು ಕೂರಬಾರದಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು, ಈ ಮರ್ಯಾದೆಯ ಜೊತೆ ಹೇಗೆ ಜಗಳವಾಡುವುದು?

"ಏನಾದ್ರೂ ಮರೆತ್ಯಾ, ಯೂನಿ?" ಎಂದ ಪೆರಿ.

"ಹೌದು, ಒಂದು ಮಾತು ಮರೆತೆ." ಕುರ್ಚಿ ಎಳೆದು ಕೂತೆ. ಅವರೂ ಕೂತರು.

ಪೋರ್ಟಿನ ಗಾಜಿನ ಹೂಜಿ ಎಡಕ್ಕೇ ಸಾಗಬೇಕು. ಯಾರ ಮುಂದಾದರೂ ನಿಂತುಬಿಟ್ಟರೆ 'ಇತ್ತ ಕೊಡಿ' ಎಂದು ಬಾಯಿಬಿಟ್ಟು ಕೇಳುವುದು ಮರ್ಯಾದೆಗೇಡು. ಚಿಕ್ಕಪ್ಪ ಅಭ್ಯಾಸಬಲದಿಂದ ಅದನ್ನು ನನ್ನ ಮುಂದೆ ಸರಿಸಿದರು. ನಾನು ಅದರ ಕುತ್ತಿಗೆ ಹಿಡಿದೆ, ಬಿಡಲಿಲ್ಲ.

ಶಾಲೆಯ ವಿಷಯ ಹೇಳಿದೆ. ಸೂರನ್ನು ಅವರೇ ರಿಪೇರಿ ಮಾಡಿಸುತ್ತಾರೆ, ನಮಗಿರಲು ಪಶ್ಚಿಮದ ಭಾಗ ಉಳಿಯುತ್ತದೆ ಎಂದೆಲ್ಲ ಬಿಡಿಸಿ ಹೇಳಿದೆ. ಪೆರಿಯ ಕಣ್ಣು ಹೂಜಿಯ ಮೇಲೆ, ಚಿಕ್ಕಪ್ಪನ ಕಣ್ಣು ತಮ್ಮ ಖಾಲಿ ಗ್ಲಾಸಿನ ಮೇಲೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

"ಒಳ್ಳೇ ಯೋಚನೆ ಕಣಮ್ಮ," ಎಂದರು ಚಿಕ್ಕಪ್ಪ ಕೊನೆಗೆ. "ಮೊದಲೇ ಹೇಳಿದ್ರೆ ಚೆನ್ನಾಗಿತ್ತು."

"ಮೊದಲೇ ಅಂದ್ರೆ?"

ಪೆರಿ ಕೆಮ್ಮಿದ. "ಬೆಳಿಗ್ಗೆ ಹಕ್ಕಿ ಬೇಟೇಲೇ ಮುಗೀತು, ಯೂನಿ. ಕೆಡವೋ ಗುತ್ತಿಗೆದಾರನೂ ಬಂದಿದ್ದ. ಬೇಲಿ ಹತ್ರ ಕೈ ಕುಲುಕಿಬಿಟ್ಟೆ. ಮಾತು ಕೊಟ್ಟ ಮೇಲೆ ತಪ್ಪೋಕಾಗುತ್ತಾ?"

ಬೇಟೆ! ಬೆಳಿಗ್ಗೆ ಅವರಿಗೆ ಬಿಸಿ ಸೂಪು ಕಟ್ಟಿ ಕಳಿಸಿದವಳು ನಾನೇ. ಆರಬಾರದೆಂದು ಪಾತ್ರೆಗೆ ಉಣ್ಣೆ ಬಟ್ಟೆ ಸುತ್ತಿದ್ದೆ. ಮೂರು ಜನಕ್ಕೆ ಬೇಕೆಂದಿದ್ದ ಪೆರಿ. ಮೂರನೆಯವನು ಯಾರೆಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಈ ಕೋಣೆಯ ಬಾಗಿಲು ದೂಡಲು ಇಡೀ ಸಂಜೆ ಧೈರ್ಯ ಕೂಡಿಸಿಕೊಂಡೆನಲ್ಲ, ಇಲ್ಲಿ ತೀರ್ಮಾನವಾಗಲು ಏನೂ ಉಳಿದಿರಲಿಲ್ಲ.

ಎದ್ದೆ. ಅವರೂ ಎದ್ದರು, ಮಂಡಿನೋವಿನ ಚಿಕ್ಕಪ್ಪನೂ ಸೇರಿ. ಹೂಜಿಯನ್ನು ಎದೆಗವಚಿಕೊಂಡು ಬಾಗಿಲತ್ತ ನಡೆದೆ. ಅದನ್ನಿಟ್ಟು ಹೋಗು ಎಂದು ಇಬ್ಬರೂ ಕೇಳಲಿಲ್ಲ. ಪೆರಿ ಓಡಿಬಂದು ನನಗೆ ಬಾಗಿಲು ತೆರೆದು ಹಿಡಿದ.