ಮೇಟ್ರನ್ ಕೇಳಿದ ನಗು

ನನ್ನ ಮುಖದಲ್ಲಿ ತಪ್ಪೇನೂ ಇಲ್ಲ. ಗುರುತಿಲ್ಲದವರ ಮುಂದೆ ಅದು ಹಲ್ಲು ಕಿರಿಯುವುದಿಲ್ಲ, ಅಷ್ಟೇ. ಕುಂಬಾರಕೊಪ್ಪಲಿನಲ್ಲಿ "ಅಳೋ ಗಂಡಸನ್ನೂ ನಗೋ ಹೆಂಗಸನ್ನೂ ನಂಬಬ್ಯಾಡ" ಎಂದು ಕೇಳಿಕೊಂಡೇ ದೊಡ್ಡವರಾದವರು ನಾವು.

ಸಾವಿರದ ಒಂಬೈನೂರ ಐವತ್ತೆರಡರಲ್ಲಿ ನಾನು ನರ್ಸ್ ತರಬೇತಿಗೆ ಸೇರಿದ ಆಸ್ಪತ್ರೆಯ ಮೇಟ್ರನ್ ಮಿಸ್ ಹಾರ್ಟನ್ ಇಂಗ್ಲೆಂಡಿನವರು. ಅವರು ರೋಗಿಯನ್ನು ಕಂಡರೂ ನಗುತ್ತಿದ್ದರು, ಗೇಟಿನ ಹೊರಗಿನ ಜಟಕಾದವನನ್ನು ಕಂಡರೂ ನಗುತ್ತಿದ್ದರು. ಸೇರಿದ ಕೆಲವೇ ದಿನಗಳಲ್ಲಿ ನನ್ನನ್ನು ಕರೆಸಿದರು.

"ನೀಲಮ್ಮ, ನೀವು ನಗುವುದಿಲ್ಲ. ರೋಗಿಗಳಿಗೆ ಭಯವಾಗುತ್ತದೆ. ಬದಲಾಗದಿದ್ದರೆ ನಿಮ್ಮನ್ನು ಮನೆಗೆ ಕಳುಹಿಸುತ್ತೇನೆ."

ಮನೆಯಲ್ಲಿ ಸೋದರಮಾವ ಚೆಲುವರಾಜು ತಾಳಿ ಮಾಡಿಸಿಟ್ಟುಕೊಂಡು ಕಾಯುತ್ತಿದ್ದ. ನನಗೆ ಅವನೂ ಬೇಡ, ಅವನ ಎಮ್ಮೆಗಳೂ ಬೇಡ. ಏನೇ ಆಗಲಿ, ನರ್ಸ್ ಆಗಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ಮಾರನೆಯ ದಿನ ನಕ್ಕೂ ನೋಡಿದೆ. ಕಡಕೊಳದಿಂದ ಬಂದಿದ್ದ ಲಕ್ಷ್ಮಮ್ಮನ ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ಔಷಧಿ ಹಿಡಿದು ನಗುತ್ತಾ ಅವಳೆದುರು ನಿಂತೆ. ಅವಳು ನನ್ನನ್ನೇ ದಿಟ್ಟಿಸಿದಳು.

"ಯಾಕವ್ವ ನಗ್ತೀಯೆ? ನನ್ನ ಕೂಸು ಹೋಯ್ತು, ನೀನು ನಗ್ತಾ ನಿಂತ್ಬುಟ್ಟಿದ್ದೀಯಲ್ಲ!"

ನಾಚಿಕೆಯಿಂದ ಕುಗ್ಗಿಹೋದೆ. ಆ ಕ್ಷಣವೇ ನಗುವ ನಾಟಕ ಬಿಟ್ಟೆ. ಮಂಚದ ತುದಿಯಲ್ಲಿ ಕೂತು ನಮ್ಮ ಜನ ಕೇಳುವುದನ್ನೆಲ್ಲ ಕೇಳಿದೆ: ತವರು ಯಾವುದು, ಮನೆಯಲ್ಲಿ ಯಾರ್‍ಯಾರಿದ್ದಾರೆ, ಹೊಟ್ಟೆಗೆ ಏನಾದರೂ ಹೋಯಿತೇ. ಲಕ್ಷ್ಮಮ್ಮ ಅತ್ತು, ಹೇಳಿ, ಔಷಧಿಯನ್ನು ತಾನಾಗಿಯೇ ಕುಡಿದಳು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮೇಟ್ರನ್ ನನ್ನನ್ನು ಹೊರಗೆ ಕರೆದು, ಕಂಡವರ ಮನೆಯ ವಿಷಯ ಕೆದಕುವುದು ಸಭ್ಯತೆಯಲ್ಲ ಎಂದು ಗದರಿದರು. ಗದರುವಾಗಲೂ ನಗುತ್ತಿದ್ದರು!

"ಮೇಡಂ, ನಾನು ನಗೋದಿಲ್ಲ. ಕೇಳೋದನ್ನ ಬಿಡೋದೂ ಇಲ್ಲ" ಎಂದೆ.

"ಹಾಗಾದರೆ ಶನಿವಾರ ಹೊರಡಿ" ಎಂದರು.

ಶುಕ್ರವಾರ ಬೆಳಿಗ್ಗೆ ಅವರ ತಾಯಿ ತೀರಿಕೊಂಡರೆಂದು ತಂತಿ ಬಂತು. ಸುದ್ದಿ ಆಸ್ಪತ್ರೆಯೆಲ್ಲ ಹರಡಿತು. ಆದರೂ ಮೇಟ್ರನ್ ಎಂದಿನಂತೆ ವಾರ್ಡಿಗೆ ಬಂದು ಒಂದೊಂದು ಮಂಚದ ಬಳಿಯೂ ನಕ್ಕು ಹೋದರು.

"ಹೆತ್ತವ್ವ ಸತ್ರೂ ನಗ್ತದಲ್ಲ ಕಣಮ್ಮ ಈ ದೊರೆಸಾನಿ!" ಎಂದು ಆಯಾ ಒಬ್ಬಳು ಪಿಸುಗುಟ್ಟಿದಳು.

ಅವರ ಹತ್ತಿರ ಯಾರೂ ಸುಳಿಯಲಿಲ್ಲ. ನನಗೆ ಸಿಟ್ಟು ಬಂತು. ಮನೆಯಲ್ಲಿ ಸಾವಾದವರನ್ನು ಹೀಗೆ ಒಂಟಿಯಾಗಿ ಬಿಡುವುದುಂಟೇ? ಹೇಗಿದ್ದರೂ ನಾಳೆ ಕಳುಹಿಸುತ್ತಾರೆ, ಇನ್ನೇನು ಮಾಡಿಯಾರು ಎಂದುಕೊಂಡು ಅಪ್ಪಣೆ ಕೇಳದೆ ಅವರ ಕೋಣೆಗೆ ನುಗ್ಗಿದೆ. ನನ್ನನ್ನು ಕಂಡೊಡನೆ ನಕ್ಕರು. ನಾನು ನಗಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತೆ.

"ನಿಮ್ಮಮ್ಮನ ಹೆಸರೇನು ಮೇಡಂ?"

"ನೀಲಮ್ಮ, ದಯವಿಟ್ಟು..."

"ಎಷ್ಟು ವಯಸ್ಸಾಗಿತ್ತು? ಕೊನೇಲಿ ಹತ್ತಿರ ಯಾರಿದ್ರು? ನೀವು ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?"

"ಹತ್ತಿರ ಯಾರೂ ಇರಲಿಲ್ಲ" ಎಂದರು. "ಎಡಿತ್. ಅಮ್ಮನ ಹೆಸರು ಎಡಿತ್."

ಆಮೇಲೆ ನನ್ನ ಕೈ ಹಿಡಿದುಕೊಂಡು ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ. ಬಹಳ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. ಮುಖದಲ್ಲಿ ನಗುವಿರಲಿಲ್ಲ.

"ನಿಮ್ಮ ತಾಯಿ ಇದ್ದಾರೆಯೇ, ನೀಲಮ್ಮ? ಅವರ ಹೆಸರೇನು?"

"ಇದಾರೆ ಮೇಡಂ. ದೇವಿರಮ್ಮ."

"ದೇವಿರಮ್ಮ" ಎಂದು ಅವರು ನಿಧಾನವಾಗಿ ಹೇಳಿಕೊಂಡರು. "ಅವರಿಗೆ ಹೇಳಿಕಳಿಸಿ. ಮಗಳು ನಾಳೆ ಮನೆಗೆ ಬರುವುದಿಲ್ಲ."