ಬಲಕ್ಕೆ ಎಂದ ತಿರುವು

"ಏಯ್ ಮುದುಕಿ, ಆ ಮಡಕೇನ ಮೊದ್ಲು ಆಚೆ ಎಸಿ! ಮನುಷ್ಯರಿಗೇ ಜಾಗ ಇಲ್ಲ, ಇವಳಿಗೆ ಕೊಳಚೆ ನೀರು ಬೇರೆ ಹೊತ್ಕೊಂಡು ಹೋಗ್ಬೇಕಂತೆ!"

ಇಂಜಿನಿಯರನ ಕೈಯಲ್ಲಿದ್ದ ಅಳತೆಕೋಲು ಮಡಕೆಯ ಕಂಠವನ್ನು ಮುಟ್ಟುವಷ್ಟು ಹತ್ತಿರ ಬಂತು. ಲಾರಿ ಹತ್ತಲೆಂದು ಒಂದು ಕಾಲೆತ್ತಿದ್ದ ಧನಕೋಡಿ ಹಾಗೆಯೇ ನಿಂತು, ಎರಡೂ ತೋಳುಗಳಿಂದ ಮಡಕೆಯನ್ನು ಎದೆಗೆ ಅವುಚಿಕೊಂಡಳು. ಅರಿಸಿನದ ಬಟ್ಟೆ ಉಡಿಸಿ, ಬಾಯಿಗೆ ಬೇವಿನ ಸೊಪ್ಪಿಟ್ಟು, ಮಲ್ಲಿಗೆ ಸುತ್ತಿದ್ದ ಮಣ್ಣಿನ ಮಡಕೆ. ಒಳಗೆ ಕೂವಂ ನದಿಯ ಕಪ್ಪು ನೀರು.

"ಮುಟ್ಬ್ಯಾಡಿ ಸಾಮಿ. ಇದ್ರಾಗೆ ನನ್ ಮಗಳವ್ಳೆ."

"ಮಗಳಾ?" ಇಂಜಿನಿಯರು ಪೊಲೀಸರ ಕಡೆ ತಿರುಗಿ ನಕ್ಕ. "ರೇಷನ್ ಕಾರ್ಡಲ್ಲಿ ಹೆಸರಿದೆಯೇನಮ್ಮಾ ಇವಳ್ದು? ಇದ್ರೆ ಹೇಳು, ಅವಳಿಗೂ ಒಂದು ಮನೆ ಬರೆಸೋಣ."

ಪೊಲೀಸರು ನಕ್ಕರು. ನಗದೆ ಉಳಿದದ್ದು ಜೆಸಿಬಿಯ ಹಲ್ಲೊಂದೇ. ಅದು ಮುಳ್ಳುತೋಪಿನ ಸಾಲು ಗುಡಿಸಲುಗಳನ್ನು ನದಿಯ ಕಡೆಗೆ ದೂಡುತ್ತಿತ್ತು. ನದಿಯಂಚಿನಲ್ಲಿ ಸಾಹೇಬರು ಬೆಳಗಿನ ನಡಿಗೆಗೆ ಬರುವಂಥ ತೋಟವಾಗುತ್ತದಂತೆ. ಅದರ ಬಣ್ಣದ ಚಿತ್ರವನ್ನು ಆಗಲೇ ಒಂದು ದೊಡ್ಡ ಹಲಗೆಯ ಮೇಲೆ ನಿಲ್ಲಿಸಿದ್ದರು. ಚಿತ್ರದಲ್ಲಿ ನದಿ ನೀಲಿಯಾಗಿತ್ತು.

"ಲೇ ಬೋಳಿಮಕ್ಳಾ, ನನ್ನ ಗಾಡೀನಾದ್ರೂ ಬುಡ್ರಲೇ!" ಎಂದು ದೇಸಿಂಗು ಅರಚಿದ. ಮೀನು ಸಾಗಿಸುವ ಮೂರು ಗಾಲಿಯ ಗಾಡಿ ಅವನದು. ಹಳೆಯ ಮೋಟಾರು ಕಟ್ಟಿ ಊರೆಲ್ಲ ಓಡಿಸುತ್ತಿದ್ದ. ಈಗದು ಜೆಸಿಬಿಯ ಬಾಯಿಯಲ್ಲಿ ನೇತಾಡುತ್ತಿತ್ತು.

"ಹೊಸ ರಸ್ತೇಲಿ ಅಂಥ ದರಿದ್ರ ಗಾಡಿ ಓಡಿಸೋ ಹಾಗಿಲ್ಲ. ಊರು ಬದಲಾಗ್ತಾ ಇದೆ, ನೀವೂ ಸ್ವಲ್ಪ ಬದಲಾಗ್ರೋ," ಎಂದ ಇಂಜಿನಿಯರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು. ಹಿಂದಿನ ದಿನದವರೆಗೆ ಕಸ ಹೊತ್ತಿದ್ದ ಲಾರಿ ಅದು.

ಧನಕೋಡಿ ಹತ್ತಿದಳು. ಮಡಕೆಯನ್ನು ಮಾತ್ರ ಕೆಳಗಿಡಲಿಲ್ಲ, ಮಡಿಲಿಗೇರಿಸಿ ಕುಳಿತಳು.

ಮದುವೆಯಾಗದೆ ಸತ್ತ ಹೆಣ್ಣುಮಗಳು ಮನೆ ಬಿಟ್ಟು ಹೋಗುವುದಿಲ್ಲ. ಹೂವಿನ ಸೀರೆಯವಳಾಗಿ ಆ ಮನೆಯಲ್ಲೇ ನಿಲ್ಲುತ್ತಾಳೆ. ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ಸೀರೆಯಿಟ್ಟು ಗಂಜಿ ಬಡಿಸಿದರೆ ಮನೆಯನ್ನು ಕಾಯುತ್ತಾಳೆ. ಮನೆ ಬದಲಿಸುವಾಗ ಅವಳನ್ನು ನೀರಿನಂಚಿಗೆ ಹೋಗಿ ಕರೆಯಬೇಕು, ಮಡಕೆಗೆ ತುಂಬಿಕೊಳ್ಳಬೇಕು, ನೆಲಕ್ಕೆ ತಾಗಿಸದೆ ಒಯ್ಯಬೇಕು. ಅದಕ್ಕಿಂತ ಮುಖ್ಯವಾಗಿ, ಪ್ರತಿ ತಿರುವಿನಲ್ಲೂ ಅವಳಿಗೆ ಹಾದಿ ಹೇಳಬೇಕು. ಸತ್ತವರಿಗೆ ದಿಕ್ಕು ತಿಳಿಯದು. ಮನೆಯವರ ದನಿಯನ್ನು ಹಿಡಿದೇ ಅವರು ನಡೆಯಬೇಕು. ಮುಳ್ಳುತೋಪಿನಲ್ಲಿ ಇದು ಹಾಲು ಕುಡಿಯುವ ಮಗುವಿಗೂ ಗೊತ್ತಿದ್ದ ಸಂಗತಿ.

ತೇನ್‌ಮೊಳಿ ಸತ್ತದ್ದು ರಸ್ತೆಯಲ್ಲಿ. ಮುಳ್ಳುತೋಪಿನ ನಲ್ಲಿ ಇದ್ದದ್ದು ರಸ್ತೆಯ ಆಚೆಗೆ. ರಸ್ತೆಯನ್ನು ಅಗಲ ಮಾಡಿದರು, ನಡುವೆ ಎದೆಯೆತ್ತರದ ಗೋಡೆ ಕಟ್ಟಿದರು, ದಾಟುವ ಜಾಗವನ್ನು ಮುಚ್ಚಿದರು; ನಲ್ಲಿಯನ್ನು ಮಾತ್ರ ಈಚೆಗೆ ತರಲಿಲ್ಲ. ಕೊಡ ಸೊಂಟದಲ್ಲಿಟ್ಟುಕೊಂಡು ಗೋಡೆ ಹತ್ತಿ ಆಚೆಗೆ ಹಾರಿದ ಹುಡುಗಿಯನ್ನು ಒಂದು ಕಾರು ಬಲು ದೂರ ಎಳೆದುಕೊಂಡು ಹೋಗಿತ್ತು.

ಲಾರಿ ಹೊರಟಿತು.

"ತೇನೂ, ಮುಂದಕ್ಕೇ ಬಾ ಕಣವ್ವ. ಮಸೀದಿ ತಾವ ಎಡಕ್ಕೆ. ಎಡಕ್ಕೆ ಕಣೇ."

"ಅಕ್ಕೋ," ಎಂದು ದೇಸಿಂಗು ಕಣ್ಣೊರೆಸಿಕೊಂಡು ನಕ್ಕ, "ಬದುಕಿದ್ದಾಗ ಕರೆದ್ರೆ ಒಂದ್ಸಲಕ್ಕೆ ಓಗೊಡ್ತಾ ಇರ್ಲಿಲ್ಲ ನಿನ್ ಮಗಳು. ಈಗ ಬತ್ತಾಳಾ?"

"ನಿನ್ ಬಾಯಿಗೆ ಮಣ್ಣಾಕ. ಸತ್ತೋದ ನಿಮ್ಮಪ್ಪನ್ನ ಕರ್ದ್ಯೇನ್ಲಾ ನೀನು?"

"ನಮ್ಮಪ್ಪಂಗೆ ಸಾರಾಯಿ ಅಂಗಡಿ ದಾರಿ ಒಂದೇ ಗೊತ್ತು ಬುಡು. ಅದನ್ನ ಯಾರೂ ಹೇಳ್ಕೊಡ್ಬೇಕಿಲ್ಲ."

ಲಾರಿಯಲ್ಲಿದ್ದವರು ಅತ್ತೂ ಅತ್ತೂ ದಣಿದಿದ್ದರು. ಆ ಮಾತಿಗೆ ಎಲ್ಲರೂ ನಕ್ಕರು. ಧನಕೋಡಿಯೂ ನಕ್ಕಳು. ಅಷ್ಟರಲ್ಲಿ ಮೇಲ್ಸೇತುವೆಯ ಏರಿಗೆ ಲಾರಿಯ ಮೂತಿ ಮೇಲೆದ್ದಿತು.

ಆ ಮೇಲ್ಸೇತುವೆಯ ಕಂಬಗಳಿಗೆ ಅವಳು ಬಾಂಡಲಿಯಲ್ಲಿ ಕಾಂಕ್ರೀಟು ಹೊತ್ತಿದ್ದಳು. ಕಂಬಗಳ ಬುಡವನ್ನು ಬಲ್ಲವಳಿಗೆ ಮೇಲೆ ಏನಿದೆಯೆಂಬುದು ತಿಳಿದಿರಲಿಲ್ಲ, ಹತ್ತಿದವಳೇ ಅಲ್ಲ. ಮನೆಗಳು ಕೆಳಗಿಳಿದವು, ತೆಂಗಿನ ತಲೆಗಳು ಕೆಳಗಿಳಿದವು. ಎದುರಿಗೆ ರಸ್ತೆ ಕವಲಾಗಿ, ಒಂದರ ಮೇಲೊಂದು ಹಾದು, ಹೆಣೆದುಕೊಂಡ ಹಾವುಗಳಂತೆ ಸುತ್ತಿಕೊಂಡಿತ್ತು.

ಅವಳು ಡ್ರೈವರನ ಹಿಂದಿನ ಗಾಜು ಬಡಿದಳು. "ಅಪ್ಪಯ್ಯಾ, ನಮಗೆ ಮನೆ ಕೊಟ್ಟಿರೋ ಸೆಮ್ಮೇಡಿಗೆ ಎತ್ತ ಕಡೆ?"

"ಬಲಕ್ಕೆ ಅಜ್ಜೀ!"

"ತೇನೂ, ಬಲಕ್ಕೆ ಕಣವ್ವ! ಬಲಕ್ಕೆ ಬಾ!"

ಅವಳ ಬಾಯಿಂದ ಆ ಮಾತು ಹೊರಟು ಮುಗಿಯುವ ಮೊದಲೇ ಲಾರಿ ಎಡಕ್ಕೆ ವಾಲಿತು. ಎಡಕ್ಕೇ ಸುತ್ತಿತು, ಇನ್ನೂ ಸುತ್ತಿತು, ಗಾಣದೆತ್ತಿನಂತೆ ಸುತ್ತುತ್ತಲೇ ಹೋಯಿತು. ಆಕಾಶ ಒಂದು ಸುತ್ತು ತಿರುಗಿತು. ಮತ್ತೆ ನೇರವಾದಾಗ ಲಾರಿ ಬಲಗಡೆಯ ರಸ್ತೆಯ ಮೇಲೆ ಓಡುತ್ತಿತ್ತು. ಮಡಿಲಿನಲ್ಲಿದ್ದ ಮಡಕೆ ಈಗ ಬರಿಯ ನೀರಿನ ಮಡಕೆಯಷ್ಟೇ ಭಾರವಾಗಿತ್ತು.

"ನಿಲ್ಸು! ನಿಲ್ಸಪ್ಪಾ ಗಾಡೀನ!"

"ಇಲ್ಲಿ ನಿಲ್ಸಂಗಿಲ್ಲ ಅಜ್ಜಿ! ಹಿಂದಿಂದ ಗುದ್ದಿ ಸಾಯಿಸ್ಬುಡ್ತಾರೆ!"

ಅವಳು ಗಾಜನ್ನು ಬಡಿಯುತ್ತಲೇ ಇದ್ದಳು. ಲಾರಿ ನಿಂತದ್ದು ಸೆಮ್ಮೇಡಿನಲ್ಲಿಯೇ.

* * *

ದೆವ್ವವಿದೆಯೆಂದು ಹೆದರುವ ಜನ ಉಂಟು. ಧನಕೋಡಿ ದೆವ್ವವಿಲ್ಲವೆಂದು ಹೆದರಿದಳು.

ಜೌಗಿನ ಆಚೆಗೆ, ಊರಿನ ಹೆಸರು ಮುಗಿದ ಮೇಲೆ, ಸೆಮ್ಮೇಡಿನ ಕಟ್ಟಡಗಳು ಒಂದರ ಮುಖ ಒಂದು ನೋಡುತ್ತ ನಿಂತಿದ್ದವು. ಎಂಟನೆಯ ಮಹಡಿಯಲ್ಲಿ ಅವಳಿಗೆ ಸಿಕ್ಕ ಕೋಣೆಗೆ ಬಾಗಿಲಿತ್ತು, ಬಚ್ಚಲಿತ್ತು, ಸುಣ್ಣದ ಹಸಿ ವಾಸನೆಯಿತ್ತು. ಆದರೆ ಮುಸ್ಸಂಜೆ ದೀಪ ಹಚ್ಚುವಾಗ ಗುಡಿಸಲಿನ ಮೂಲೆಯಲ್ಲಿ ತಾನೇ ತಾನಾಗಿ ಒಮ್ಮೆ ಕಟಕ್ಕೆನ್ನುತ್ತಿದ್ದ ಪ್ಲಾಸ್ಟಿಕ್ ಕೊಡ ಇಲ್ಲಿ ಸದ್ದಿಲ್ಲದೆ ಕೂತಿತ್ತು. ಅನ್ನ ಬೇಯುವಾಗ ಬೆನ್ನ ಹಿಂದೆ ಯಾರೋ ಇಣುಕಿದಂತೆ ಆಗುತ್ತಿರಲಿಲ್ಲ. ಅವಳು ಗಂಜಿಯನ್ನು ಎಡೆಯಿಟ್ಟು ಕಾದಳು. ಗಂಜಿ ಕೆನೆಗಟ್ಟಿ, ಒಣಗಿ, ಬಿರಿಯಿತು. ಮೊದಲಿನಂತೆ ಬಟ್ಟಲಿನ ಅಂಚಿನಲ್ಲಿ ಬೆರಳು ತಾಗಿದಷ್ಟು ಗುರುತೂ ಇರಲಿಲ್ಲ.

ಊರಿಗೆ ಹೋಗುವ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪಾತ್ರೆ ತಿಕ್ಕುತ್ತಿದ್ದ ಮನೆಯವರು ಬೇರೆಯವಳನ್ನು ಇಟ್ಟುಕೊಂಡರು. ಧನಕೋಡಿ ಕಿಟಕಿಯ ಬಳಿ ಕೂತು, ಅಂಗಳವೇ ಇಲ್ಲದ ಆ ಮನೆಯಿಂದ ಕೆಳಗಿನ ಜೌಗನ್ನು ನೋಡುತ್ತಿದ್ದಳು.

ಹಾಗಿರಲು ಒಂದು ಮಧ್ಯಾಹ್ನ ದೇಸಿಂಗು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ. ಗಾಡಿ ಹೋದ ಮೇಲೆ ಗುತ್ತಿಗೆದಾರನೊಬ್ಬ ಅವನಿಗೆ ಮೇಲ್ಸೇತುವೆ ಗುಡಿಸುವ ಕೆಲಸ ಕೊಟ್ಟಿದ್ದ. ಕಿತ್ತಳೆ ಬಣ್ಣದ ಅಂಗಿ, ಪೊರಕೆ, ಗಾಡಿಗಳಿಗೆ ತೋರಿಸಲು ಒಂದು ಕೆಂಪು ಬಾವುಟ.

"ಅಕ್ಕ, ಒಂದ್ಲೋಟ ನೀರು ಕೊಡು. ಲಿಫ್ಟು ಇವತ್ತೂ ಸತ್ತೈತೆ." ಕುಡಿದು, ಬಾಯಿ ಒರೆಸಿಕೊಂಡು, ಅವಳ ಮುಖ ನೋಡದೆ ಹೇಳಿದ: "ಆ ಸುತ್ತು ಐತಲ್ಲ, ಅಲ್ಲಿ ಗಾಡಿಯೋರು ಸುಮ್ ಸುಮ್ಕೆ ಬ್ರೇಕು ಹಾಕ್ತಾವ್ರೆ. ಯಾಕ್ರಪ್ಪಾ ಅಂದ್ರೆ, ಅಡ್ಡ ಯಾರೋ ನಿಂತಿದ್ದಂಗಾಯ್ತು ಅಂತಾರೆ. ಮೊನ್ನೆ ಇಲಾಖೆಯೋರು ಅಯ್ನೋರನ್ನ ಕರ್ಕೊಂಬಂದು ಕುಂಬಳಕಾಯಿ ಒಡೆಸಿದ್ರು. ಗುಡ್ಸಿದ್ದು ನಾನೇ."

ಧನಕೋಡಿ ಎದ್ದು ನಿಂತಳು. "ಎಲ್ಲಿ ಕಣ್ಲಾ? ಸರಿಯಾಗಿ ಹೇಳು."

ದೇಸಿಂಗು ನೆಲದ ಮೇಲೆ ಚೆಲ್ಲಿದ್ದ ನೀರಿನಲ್ಲಿ ಬೆರಳಾಡಿಸಿ ರಸ್ತೆಯನ್ನು ಬರೆದ. "ನೋಡು, ನಾವು ಬಂದಿದ್ದು ಹಿಂಗೆ. ಬಲಕ್ಕೋಗ್ಬೇಕು ಅಂದ್ರೆ ಬಲಕ್ಕೆ ತಿರುಗಂಗಿಲ್ಲ. ಎಡಕ್ಕೋಗಿ, ಜಿಲೇಬಿ ಸುತ್ತಿದಂಗೆ ಸುತ್ಕೊಂಡು ಆಮೇಲೆ ಬಲಕ್ಕೆ. ಯಾವ ಸೂಳೆಮಗ ಹಿಂಗೆ ಮಾಡಿದ್ನೋ! ಅವರು ನಿಂತಂಗಾಯ್ತು ಅನ್ನೋದು ಇಲ್ಲಿ, ಸುತ್ತು ಶುರುವಾಗೋ ತಾವ."

ಅವಳು ಬಾಗಿ ಆ ನೀರಿನ ಗೆರೆಯ ಮೇಲೆ ಬೆರಳಿಟ್ಟಳು.

"ನಾ ಬಲಕ್ಕೆ ಅಂದೆ ಕಣ್ಲಾ. ಅಲ್ಲಿ ಬಲಕ್ಕೆ ಏನೈತೆ?"

"ಗೋಡೆ ಐತೆ. ಗೋಡೆ ಆಚೆ ಏನೂ ಇಲ್ಲ, ಗಾಳಿ."

ಬದುಕಿದ್ದಾಗ ಒಂದು ಕರೆಗೂ ಓಗೊಡದವಳು ಈಗ ಮಾತು ಕೇಳಿದ್ದಳು. ತಾಯಿ ಬಲಕ್ಕೆ ಎಂದಿದ್ದಳು. ಬಲಕ್ಕೆ ಹೋಗಲು ದಾರಿಯಿರಲಿಲ್ಲ. ಮುಂದಿನ ಮಾತಿಗಾಗಿ ಕಾಯುತ್ತ, ತನ್ನನ್ನು ಕೊಂದಂಥ ಗಾಡಿಗಳ ನಡುವೆಯೇ, ಗೋಡೆಗೆ ಮುಖ ಮಾಡಿ ಹುಡುಗಿ ನಿಂತಿದ್ದಳು.

* * *

ಸೆಮ್ಮೇಡಿನ ಅಂಗಳದಲ್ಲಿ ಶಾಮಿಯಾನ ಹಾಕಿ ಜನರ ಅಹವಾಲು ಕೇಳಲು ಬಂದವನು ಅದೇ ಇಂಜಿನಿಯರು. ಧನಕೋಡಿ ಸರದಿಯಲ್ಲಿ ನಿಂತು ಮೈಕಿನ ಮುಂದೆ ಬಂದಳು.

"ಸಾಮಿ, ಆ ಫ್ಲೈಓವರ್ ಮ್ಯಾಲೆ ನಾನೊಂದ್ಸಲ ನಡೀಬೇಕು. ನನ್ ಮಗಳು ಅಲ್ಲಿ ತಪ್ಪಿಸ್ಕೊಂಡವ್ಳೆ. ಕರ್ಕೊಂಬಂದ್ಬುಡ್ತೀನಿ. ಒಂದ್ಗಳಿಗೆ ಗಾಡಿ ನಿಲ್ಸಿ."

"ಯಾವ ಮಗಳು? ಓ, ಮಡಕೆ ಮಗಳಾ!" ಅವನಿಗೆ ನೆನಪಾಯಿತು. "ಅಮ್ಮಾ, ಆ ರಸ್ತೆ ಮೇಲೆ ನಡೆಯೋದು ಅಪರಾಧ. ಅದು ಗಾಡಿಗಳಿಗೆ ಮಾಡಿರೋದು."

"ಆ ಕಂಬಕ್ಕೆ ಸಿಮೆಂಟು ಹೊತ್ತಿದ್ದು ನಾನೇ ಸಾಮಿ."

"ಕೂಲಿ ಕೊಡ್ಲಿಲ್ವಾ ಅವತ್ತು?"

"ಮಂತ್ರಿ ಬಂದಾಗ ನಿಲ್ಸ್ತೀರಿ. ನನ್ ಮಗೀಗೆ ನಿಲ್ಸಕ್ಕಾಗಲ್ವಾ?"

ಶಾಮಿಯಾನದಡಿಯಲ್ಲಿ ಗುಜುಗುಜು ಎದ್ದಿತು. ಇಂಜಿನಿಯರನ ನಗು ಮಾಯವಾಯಿತು. ಅವನು ಮೈಕನ್ನು ತನ್ನತ್ತ ಎಳೆದುಕೊಂಡ. ಅವನ ಮಾತು ಎಂಟೂ ಮಹಡಿಗಳಿಗೆ ಕೇಳಿಸಿತು.

"ಬದುಕಿದ್ದಾಗಲೂ ನಿನ್ನ ಮಗಳಿಗೆ ರಸ್ತೆ ದಾಟೋ ನಿಯಮ ಗೊತ್ತಿರ್ಲಿಲ್ಲ. ಸತ್ತ ಮೇಲೂ ಗೊತ್ತಾಗ್ಲಿಲ್ವಲ್ಲಮ್ಮಾ! ಮುಂದಿನೋರು ಬನ್ನಿ."

ಧನಕೋಡಿ ಅಲ್ಲಿಂದ ಹೊರಟಾಗ ಅಳುತ್ತಿರಲಿಲ್ಲ. ಅವಳ ದವಡೆ ಮಾತ್ರ, ಎಲೆಯಡಿಕೆ ಇಲ್ಲದೆಯೂ, ಏನನ್ನೋ ಅಗಿಯುತ್ತಿತ್ತು.

* * *

ಮುಳ್ಳುತೋಪಿನಲ್ಲಿ ಕಬ್ಬಿಣದ ಬೇಲಿ ಬಂದಿತ್ತು. ಬೇಲಿಯ ಸಂದಿಯಲ್ಲಿ ತೋಳು ತೂರಿಸಿ ಅವಳು ಮಡಕೆಗೆ ನದಿಯ ನೀರು ತುಂಬಿಕೊಂಡಳು. ಕಾವಲಿನವನು ಪೀಪಿ ಊದಿದ, ಅವಳು ನೋಡಲಿಲ್ಲ. ಅರಿಸಿನದ ಬಟ್ಟೆ ಸುತ್ತಿ, ಬೇವಿನ ಸೊಪ್ಪಿಟ್ಟು, ತಲೆಯ ಮೇಲಿಟ್ಟುಕೊಂಡು, ಆಫೀಸಿನ ಹೊತ್ತಿನ ಗಾಡಿಗಳ ಜೊತೆಗೆ ಸೇತುವೆಯ ಏರು ಹತ್ತಿದಳು.

ಹಾರ್ನುಗಳು ಅವಳ ಪಕ್ಕೆಗೆ ತಿವಿದವು. "ಸಾಯಕ್ಕೆ ನನ್ ಗಾಡೀನೇ ಬೇಕೇನೇ ಮುದಿ ಮುಂಡೆ!" ಎಂದು ಒಬ್ಬ ಕಿಟಕಿಯಿಂದ ಉಗಿದ. ಕಾರಿನ ಕನ್ನಡಿಯೊಂದು ಮೊಣಕೈಗೆ ತಾಗಿ ಚರ್ಮ ಸುಲಿಯಿತು. ಅವಳ ಒಂದು ಕೈ ಗೋಡೆಯನ್ನು ಸವರುತ್ತಿತ್ತು, ಇನ್ನೊಂದು ಮಡಕೆಯನ್ನು ಹಿಡಿದಿತ್ತು.

ಸುತ್ತಿನ ಬಳಿ ಪೊರಕೆ ಹಿಡಿದು ನಿಂತಿದ್ದ ದೇಸಿಂಗು ಅವಳನ್ನು ಕಂಡು ಓಡಿಬಂದ.

"ಅಕ್ಕಾ, ಹೋಗು! ಹಿಂದಕ್ಕೋಗು! ನನ್ ಕೆಲ್ಸ ಹೋಯ್ತದೆ ಕಣಕ್ಕಾ, ನಿನ್ ಕಾಲಿಗೆ ಬೀಳ್ತೀನಿ."

"ಬೀಳ್ಬ್ಯಾಡ. ಗಾಡಿ ನಿಲ್ಸು."

ಅವನು ಅವಳ ಮೊಣಕೈಯಿಂದ ಇಳಿಯುತ್ತಿದ್ದ ರಕ್ತವನ್ನು ನೋಡಿದ, ಬರುತ್ತಿದ್ದ ಗಾಡಿಗಳನ್ನು ನೋಡಿದ. "ನಿನ್ನಂಥ ಅಕ್ಕ ಹಗೆಗೂ ಬ್ಯಾಡ," ಎಂದು ಗೊಣಗಿ, ಪೊರಕೆಯನ್ನು ಎಸೆದು, ಕೆಂಪು ಬಾವುಟವನ್ನು ಎತ್ತಿ ಹಿಡಿದು ರಸ್ತೆಯ ನಡುಮಧ್ಯಕ್ಕೆ ನಡೆದ. ಬ್ರೇಕುಗಳು ಕಿರುಚಿದವು. ಒಂದರ ಹಿಂದೊಂದು ಸಾಲುಗಟ್ಟಿ ಗಾಡಿಗಳು ನಿಂತವು.

ಗೋಡೆಯ ಬುಡದಲ್ಲಿ ಏನೂ ಇರಲಿಲ್ಲ. ಧೂಳಿತ್ತು, ಹರಿದ ಟಯರಿನ ಚೂರಿತ್ತು. ಧನಕೋಡಿ ಆ ಬರಿದಾದ ಜಾಗದ ಮುಂದೆ ನಿಂತು, ಮನೆಯೊಳಗಿನ ಮಾತಿನಂತೆ ಮೆಲ್ಲಗೆ ಹೇಳಿದಳು:

"ತೇನೂ, ಬಲಕ್ಕಲ್ಲ ಕಣವ್ವ. ಎಡಕ್ಕೆ. ಸುತ್ಕೊಂಡೋಗ್ಬೇಕು. ನನ್ ಸೆರಗು ಹಿಡ್ಕೋ. ಬಾ."

ತಿರುಗಿ ರಸ್ತೆಯ ಮಧ್ಯಕ್ಕೆ ಬಂದು ನಡೆಯತೊಡಗಿದಳು. ಸತ್ತವರನ್ನು ಕರೆದುಕೊಂಡು ಹೋಗುವವರು ಹಿಂದಿರುಗಿ ನೋಡಬಾರದು. ನೋಡಿದರೆ ಅವರು ಅಲ್ಲಿಯೇ ಉಳಿಯುತ್ತಾರೆ. ಅವಳು ನೋಡಲಿಲ್ಲ.

ಎದುರಿನಿಂದ ಒಬ್ಬ ಪೊಲೀಸಿನವನು ಬೈಕಿನಲ್ಲಿ ಬಂದು ಅಡ್ಡ ನಿಲ್ಲಿಸಿದ. "ಏಯ್! ತಲೆ ಕೆಟ್ಟಿದ್ಯಾ? ಹಿಂದೆ ನೋಡು, ಎಷ್ಟು ಗಾಡಿ ನಿಂತಿವೆ ನೋಡು!"

"ಹಿಂದೆ ನೋಡಂಗಿಲ್ಲ ಸಾಮಿ. ನೀವೇ ನೋಡಿ. ಬತ್ತಾವ್ಳಾ?"

ಅವನು ಬೈಯಲೆಂದು ಬಾಯಿ ತೆರೆದು ಅವಳ ಹೆಗಲ ಮೇಲಿಂದ ಆಚೆ ನೋಡಿದ. ಬಾಯಿ ತೆರೆದೇ ಉಳಿಯಿತು. ಅವನು ಏನು ಕಂಡನೋ ಅವಳಿಗೆ ತಿಳಿಯದು. ಆ ಮುಖವನ್ನಷ್ಟೇ ಅವಳು ಕಂಡಳು. ಅವನು ಬೈಕನ್ನು ಕಾಲಿನಿಂದ ನೂಕಿಕೊಂಡು ಗೋಡೆಯ ಪಕ್ಕಕ್ಕೆ ಸರಿಸಿದ.

ಅವಳು ನಡೆದಳು. ನಿಂತ ಗಾಡಿಗಳು ಅವಳ ಹೆಜ್ಜೆಯ ವೇಗಕ್ಕೆ ತೆವಳುತ್ತ ಬರುತ್ತಿರುವುದು ಕೇಳಿಸುತ್ತಿತ್ತು. ಹಾರ್ನುಗಳು ಮತ್ತೆ ಶುರುವಾದವು. ಅವುಗಳ ನಡುವೆ, ಬೆನ್ನ ಹಿಂದಿನಿಂದ, ಒಂದು ಗಂಡು ದನಿ ಕೇಳಿಸಿತು. ಮೊದಲು ನಾಚಿಕೆಯಿಂದ ತೊದಲಿ, ಆಮೇಲೆ ಗಟ್ಟಿಯಾಗಿ, ದೇಸಿಂಗು ತನ್ನ ತಂದೆಯನ್ನು ಕರೆಯುತ್ತಿದ್ದ:

"ಅಪ್ಪಾ... ಎಡಕ್ಕೆ ಕಣಪ್ಪಾ. ಅಕ್ಕನ ಹಿಂದೇನೇ ಬಾ."